ಮಂತ್ರಿಯ ಗಂಡ

ಚುನಾವಣೆಯಲ್ಲಿ ಪಕ್ಷ ಗೆದ್ದ ವಾರ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂವತ್ತು ವರ್ಷ ಬರೀ ಮೆರವಣಿಗೆ, ಜೈಲು, ಸೋಲುಗಳನ್ನೇ ಕಂಡಿದ್ದ ಜನ ಮೆಟ್ಟಿಲ ಮೇಲೆ, ಕಿಟಕಿಯ ಅಂಚಿನ ಮೇಲೆ, ಹಳೆಯ ಕರಪತ್ರಗಳ ಕಟ್ಟುಗಳ ಮೇಲೆ ಕೂತು ಮದುವೆ ಮನೆಯವರ ಹಾಗೆ ಗದ್ದಲ ಎಬ್ಬಿಸಿದ್ದರು. ಪಕ್ಷ ಒಂಟಿಯಾಗಿ ಗೆದ್ದಿರಲಿಲ್ಲ. ರೈತರ ಪಕ್ಷದ ಹೆಗಲ ಮೇಲೆ ಕೈಯಿಟ್ಟು ಗೆದ್ದಿತ್ತು. ಆದರೂ ಗೆಲುವು ಗೆಲುವೇ.

ಒಳಗಿನ ಕೋಣೆಯಲ್ಲಿ ಪಕ್ಷದ ಕಾರ್ಯದರ್ಶಿ ಯಾರಿಗೆ ಯಾವ ಖಾತೆ ಎಂದು ಹೇಳುತ್ತಾ ಹೋದರು. ಕೈಗಾರಿಕೆ ಮತ್ತು ಗಣಿ ಖಾತೆಯ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಮೇಷ್ಟ್ರ ಕಡೆ ತಿರುಗಿದರು. ಒಬ್ಬಿಬ್ಬರು ಕೈಕುಲುಕಲು ಕೈಯನ್ನೂ ಚಾಚಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಪಕ್ಷದ ಆರ್ಥಿಕ ಕಾರ್ಯಕ್ರಮವನ್ನು ಬರೆದವರೇ ಮೇಷ್ಟ್ರು. ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಮುಗಿಸಿ, ಸಂಜೆ ಪಕ್ಷದ ತರಗತಿಗಳಲ್ಲಿ ಎರಡು ತಲೆಮಾರಿಗೆ ಪಾಠ ಹೇಳಿದವರು. ‘ಅದಿರು ಮಾರಿ ತಂತಿ ಕೊಳ್ಳುವ ದೇಶ’ ಎಂಬ ಅವರ ಮಾತು ಗೋಡೆಗೋಡೆಯ ಮೇಲಿತ್ತು. ಈ ದೇಶದ ಬೆಟ್ಟಗಳಿಂದ ತಾಮ್ರದ ಅದಿರು ಹಡಗು ಹತ್ತಿ ಹೋಗುತ್ತಿತ್ತು. ಅದೇ ತಾಮ್ರ ತಂತಿಯಾಗಿ, ಮೋಟಾರಾಗಿ, ಹತ್ತು ಪಟ್ಟು ಬೆಲೆ ಹೊತ್ತು ಅದೇ ಬಂದರಿಗೆ ವಾಪಸು ಬರುತ್ತಿತ್ತು. ಮಕ್ಕಳಿಗೂ ಅರ್ಥವಾಗುವ ಹಾಗೆ ಅದನ್ನು ಹೇಳಿಕೊಟ್ಟವರು ಮೇಷ್ಟ್ರೇ.

ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡು, “ಕೈಗಾರಿಕೆ, ಗಣಿ: ಲಾಯರಮ್ಮ,” ಎಂದರು.

ಲಾಯರಮ್ಮ ಎಂದರೆ ಮೇಷ್ಟ್ರ ಹೆಂಡತಿ. ಬಟ್ಟೆ ಕಾರ್ಖಾನೆಗಳ ಹೆಣ್ಣುಮಕ್ಕಳ ಸಂಘದ ವಕೀಲೆ. ಬಾಗಿಲ ಬಳಿ ನಿಂತಿದ್ದವಳು, ತನ್ನ ಹಿಂದೆ ಬೇರೆ ಯಾರೋ ಲಾಯರಮ್ಮ ಇದ್ದಾಳೇನೋ ಎಂಬಂತೆ ಒಮ್ಮೆ ಹಿಂದಕ್ಕೆ ನೋಡಿದಳು. ಚಾಚಿದ್ದ ಕೈಗಳು ಮೇಷ್ಟ್ರ ಮುಂದೆ ಅರೆಕ್ಷಣ ಗಾಳಿಯಲ್ಲಿ ನಿಂತು, ಬಳಿಕ ಅವರ ಹೆಗಲು ತಟ್ಟಿದವು. “ಯಾರಾದ್ರೇನು ಮೇಷ್ಟ್ರೇ, ಖಾತೆ ನಿಮ್ಮ ಮನೆಗೇ ಬಂತಲ್ಲ!”

ಮೇಷ್ಟ್ರು ನಕ್ಕರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೂ ಅವರೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಅವರು ಸಾವಿರ ಸಲ ಕೇಳಿದ್ದರು. ಆ ತುತ್ತು ಪಕ್ಕದಲ್ಲೇ ಕೂತವರ ಬಾಯಿಗೆ ಹೋದರೆ ಗಂಟಲಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ ಯಾವ ಗಾದೆಯೂ ಹೇಳಿರಲಿಲ್ಲ.

ಆಮೇಲೆ ಕಾರ್ಯದರ್ಶಿ ಅವರನ್ನು ಮೂಲೆಗೆ ಕರೆದು ಸಮಾಧಾನ ಹೇಳಿದರು. “ರೈತರ ಪಕ್ಷದವರಿಗೆ ನಿಮ್ಮ ಹೆಸರು ಕೇಳಿದ್ರೆ ಭಯ, ಮೇಷ್ಟ್ರೇ. ಗಣಿ ಕಿತ್ಕೊಳ್ಳೋ ಮನುಷ್ಯ ನಾಳೆ ಹೊಲಾನೂ ಕಿತ್ಕೊಳ್ತಾನೆ ಅಂತಾರೆ. ಲಾಯರಮ್ಮ ಮಾತಾಡಿಸಿ ದಾರಿಗೆ ತರ್ತಾಳೆ. ನೀವು ಹಿಂದೆ ನಿಂತು ದಾರಿ ತೋರ್ಸಿ.”

“ಹಿಂದೆ ನಿಂತೋರಿಗೆ ಬೆನ್ನು ಮಾತ್ರ ಕಾಣ್ಸುತ್ತೆ,” ಎಂದರು ಮೇಷ್ಟ್ರು. ಕಾರ್ಯದರ್ಶಿ ಅದನ್ನು ತಮಾಷೆ ಎಂದುಕೊಂಡರು.

ಮನೆಗೆ ಸರಕಾರದ ಕಾರು ಬಂತು. ಅವರ ಬೀದಿ ಅಗಲವಿರಲಿಲ್ಲ. ಕಾರು ತಿರುಗಬೇಕಾದರೆ ಮೂಲೆಯ ಅಂಗಡಿಯವನು ತನ್ನ ಖಾಲಿ ಪೆಟ್ಟಿಗೆಗಳನ್ನು ಒಳಗೆ ಎಳೆದುಕೊಳ್ಳಬೇಕು. ಮೊದಲ ದಿನ ಆ ಅಂಗಡಿಯವನು ಚಾಲಕನಿಗೆ ಮೇಷ್ಟ್ರನ್ನು ತೋರಿಸಿ, “ಇವರೇ ಮಂತ್ರಿಗಳ ಯಜಮಾನರು,” ಎಂದ. ಇಪ್ಪತ್ತು ವರ್ಷದಿಂದ ಅದೇ ಅಂಗಡಿಯವನು ಅವಳನ್ನು ‘ಮೇಷ್ಟ್ರ ಹೆಂಡತಿ’ ಎನ್ನುತ್ತಿದ್ದ. ಒಂದೇ ವಾರದಲ್ಲಿ ಷಷ್ಠೀ ವಿಭಕ್ತಿ ಮೇಷ್ಟ್ರನ್ನು ಬಿಟ್ಟು ಹೆಂಡತಿಯ ಪದವಿಗೆ ಅಂಟಿಕೊಂಡಿತ್ತು.

ಮೇಷ್ಟ್ರ ತಾಯಿ ಅವರ ಜೊತೆಗೇ ಇದ್ದರು. ಮುದುಕಿಗೆ ಮಗನಿಗಿಂತ ಸೊಸೆಯ ಮೇಲೇ ಹೆಚ್ಚು ಅಭಿಮಾನ. ಸೊಸೆ ರೇಡಿಯೋದಲ್ಲಿ ಮಾತಾಡುವಾಗ ಧ್ವನಿ ಏರಿಸಿ ಬೀದಿಯ ಕಡೆಯ ಕಿಟಕಿ ತೆಗೆದಿಡುವರು.

“ಅಮ್ಮಾ, ಸ್ವಲ್ಪ ಸಣ್ಣಗೆ ಮಾಡಿ. ಓದ್ತಾ ಇದೀನಿ.”

“ಪುಸ್ತಕ ತಲೆಕೆಳಗಾಗಿದೆಯಲ್ಲೋ,” ಎನ್ನುವರು ಮುದುಕಿ.

ಪುಸ್ತಕ ತಲೆಕೆಳಗಾಗಿರಲಿಲ್ಲ. ಆದರೂ ಮೇಷ್ಟ್ರು ಒಮ್ಮೆ ನೋಡಿಕೊಳ್ಳುವರು. ಅವರ ಕಿವಿ ಪೂರ್ತಿ ರೇಡಿಯೋದೊಳಗೇ ಇರುತ್ತಿತ್ತು. ಹೆಂಡತಿ ಎಲ್ಲಾದರೂ ತಪ್ಪು ಹೇಳುತ್ತಾಳೇನೋ ಎಂದು ಕಾಯುವರು. ಹೇಳದಿದ್ದರೆ ಬೇಸರ. ತಮ್ಮದೇ ಮಾತು ಬಳಸಿದರೆ ಸಿಟ್ಟು; ಬಳಸದಿದ್ದರೆ ಇನ್ನೂ ಸಿಟ್ಟು. ಒಮ್ಮೆ ‘ಅದಿರು ಮಾರಿ ತಂತಿ ಕೊಳ್ಳುವ ದೇಶ’ ಎಂದವಳು, “ನಮ್ಮ ಪಕ್ಷದ ಹಿರಿಯರೊಬ್ಬರು ಹೇಳುವಂತೆ” ಎಂದು ಸೇರಿಸಿದಳು. ಹಿರಿಯರೊಬ್ಬರು! ಅದೂ ಮನೆಯಲ್ಲಿ ಮೂರು ಅಡಿ ದೂರದಲ್ಲಿ ಮಲಗುವ ಹಿರಿಯರು! ಹೆಸರು ಹೇಳಿದರೆ ಗಂಡನ ಬಾಲ ಹಿಡಿದುಕೊಂಡಿದ್ದಾಳೆ ಎನ್ನುತ್ತಾರೆ ಎಂಬುದು ಅವರಿಗೆ ತಿಳಿಯದ್ದಲ್ಲ. ತಿಳಿದರೂ ಆ ದಿನ ಊಟ ಸೇರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಬೇರೆಯೇ. ಮದುವೆಗೆ ಮುಂಚೆ ಅವಳು ಅವರ ಸಂಜೆಯ ತರಗತಿಯ ವಿದ್ಯಾರ್ಥಿನಿ. ಮದುವೆಯಾದ ಮೇಲೂ ಅವರನ್ನು ಕರೆಯುತ್ತಿದ್ದದ್ದು ‘ಮೇಷ್ಟ್ರೇ’ ಎಂದೇ. ಪಾತ್ರೆ ತೊಳೆಯುತ್ತಾ, ಬಸ್ಸಿಗೆ ಕಾಯುತ್ತಾ, “ಮೇಷ್ಟ್ರೇ, ಕೂಲಿ ಜಾಸ್ತಿ ಆದ್ರೆ ಬೆಲೆ ಏರೇ ಏರುತ್ತೆ ಅಂತಾರಲ್ಲ, ಅದಕ್ಕೇನು ಹೇಳ್ಬೇಕು?” ಎಂದು ಕೇಳುತ್ತಿದ್ದಳು. ಅವರು ಹೇಳುತ್ತಿದ್ದರು. ಅವರ ಸಂಸಾರ ನಡೆದದ್ದೇ ಆ ಕೇಳುವಿಕೆಯ ಮೇಲೆ. ಮಂತ್ರಿಯಾದ ಮೇಲೆ ಅವಳು ಕೇಳುವುದನ್ನು ನಿಲ್ಲಿಸಿದ್ದಳು. ಬೆಳಿಗ್ಗೆ ಕಾಫಿ ಕುಡಿಯುವಾಗಲೂ ಅವಳ ಕಣ್ಣು ಎಲ್ಲೋ ಲೆಕ್ಕ ಹಾಕುತ್ತಿರುತ್ತಿತ್ತು. ಆ ಲೆಕ್ಕದಲ್ಲಿ ತಮಗೆ ಜಾಗವಿಲ್ಲ ಎನ್ನುವುದರಿಂದ ಮೇಷ್ಟ್ರಿಗೆ, ಅವಳು ಇನ್ನೊಬ್ಬನ ಜೊತೆ ಸುತ್ತುತ್ತಿದ್ದಾಳೆ ಎಂದು ತಿಳಿದಷ್ಟೇ ನೋವಾಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಯೋಜನೆ ಸಿದ್ಧವಾಯಿತು. ಅದರ ಸುದ್ದಿಯನ್ನು ಮೇಷ್ಟ್ರು ಪತ್ರಿಕೆಯಲ್ಲಿ ಓದಿದರು.

ಪಕ್ಷದ ಕಾರ್ಯಕ್ರಮದಲ್ಲಿ ಇದ್ದದ್ದು ಇಷ್ಟು: ಅಧಿಕಾರಕ್ಕೆ ಬಂದ ಮೊದಲ ವರ್ಷವೇ ವಿದೇಶಿ ಕಂಪನಿಯ ಕೈಯಿಂದ ತಾಮ್ರದ ಗಣಿಯನ್ನು ಸರಕಾರ ವಶಕ್ಕೆ ತೆಗೆದುಕೊಳ್ಳುವುದು. ಲಾಯರಮ್ಮನ ಯೋಜನೆ ಬೇರೆ ದಾರಿ ಹಿಡಿದಿತ್ತು. ಕಂಪನಿಯ ಗುತ್ತಿಗೆ ಮುಗಿಯುತ್ತಾ ಬಂದಿದೆ. ಮುಂದುವರಿಸಬೇಕೆಂದು ಅದಕ್ಕೆ ಆಸೆ. ಹಾಗಾದರೆ ಇಲ್ಲೇ ಅದಿರು ಕರಗಿಸಿ ತಂತಿ ಎಳೆಯುವ ಕಾರ್ಖಾನೆ ಕಟ್ಟಲಿ. ಅದರಲ್ಲಿ ಅರ್ಧ ಪಾಲು ಸರಕಾರದ್ದು. ಆಡಳಿತ ಮಂಡಳಿಯಲ್ಲಿ ಕಾರ್ಮಿಕರು ಆರಿಸಿದವರು ಕೂರಬೇಕು. ನಮ್ಮ ಹುಡುಗ ಹುಡುಗಿಯರಿಗೆ ಕುಲುಮೆಯ ವಿದ್ಯೆ ಕಲಿಸಬೇಕು. ಹಸಿ ಅದಿರಿನ ರಫ್ತು ವರ್ಷ ವರ್ಷ ಕಡಿಮೆಯಾಗಿ ಕೊನೆಗೆ ನಿಲ್ಲಬೇಕು. ಗಣಿ ಕಿತ್ತುಕೊಳ್ಳುವ ಮಾತು, ಆ ವಿದ್ಯೆ ನಮ್ಮ ಕೈಗೆ ಬಂದ ಮೇಲೆ.

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಮೊದಲ ಸಲ ಓದಿದಾಗಲೇ ಅದು ಸರಿ ಎಂದು ಅವರಿಗೆ ಗೊತ್ತಾಯಿತು. ಅವರು ದಡ್ಡರಲ್ಲ. ಅದಿರು ಕರಗಿಸುವ ಕುಲುಮೆ ನಮ್ಮಲ್ಲಿಲ್ಲ, ಹಡಗು ನಮ್ಮದಲ್ಲ, ಕೊಳ್ಳುವವರು ಕಂಪನಿಯ ನೆಂಟರು, ಖಜಾನೆಯಲ್ಲಿರುವ ಡಾಲರು ನಾಲ್ಕು ತಿಂಗಳ ಡೀಸೆಲ್‌ಗೆ ಸಾಲದು. ಇಂಥ ಹೊತ್ತಿನಲ್ಲಿ ಗಣಿ ಹಿಡಿಯುವುದೆಂದರೆ ಗೂಳಿಯ ಬಾಲ ಹಿಡಿದಂತೆ. ಹಿಡಿಯುವುದು ಸುಲಭ, ಆಮೇಲೇನು? ಇದನ್ನು ಅವರೇ ಹಿಂದೆ ತರಗತಿಯಲ್ಲಿ ಹೇಳಿದ್ದುಂಟು. ಎರಡನೆಯ ಸಲ ಓದಿದಾಗ ಮಾತ್ರ ಅವರಿಗೆ ಕಂಡದ್ದು ಒಂದೇ: ಇದನ್ನು ತನ್ನನ್ನು ಕೇಳದೆ ಮಾಡಿದ್ದಾಳೆ, ಮತ್ತು ತಾನಾಗಿದ್ದರೆ ಮಾಡಬಹುದಾಗಿದ್ದಕ್ಕಿಂತ ಚೆನ್ನಾಗಿ ಮಾಡಿದ್ದಾಳೆ.

ಕೂತು ಪಕ್ಷದ ವಾರಪತ್ರಿಕೆಗೆ ಲೇಖನ ಬರೆದರು. ‘ಶರಣಾಗತಿಗೆ ಇನ್ನೊಂದು ಹೆಸರು’ ಎಂಬುದು ತಲೆಬರಹ. ಪೆನ್ನು ಎಷ್ಟೋ ವರ್ಷದಿಂದ ಹಾಗೆ ಓಡಿರಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಇದ್ದರೆ ಬರವಣಿಗೆ ಬಿಸಿಯಾಗಿಯೇ ಬರುತ್ತದೆ. ಓದುವವರಿಗೆ ಅದು ಯಾವ ಬೆಂಕಿ ಎಂದು ತಿಳಿಯುವುದಿಲ್ಲ.

ಲೇಖನ ಬಂದ ದಿನ ಮನೆಯ ಫೋನು ಬೆಳಿಗ್ಗೆಯಿಂದ ಹೊಡೆದುಕೊಂಡಿತು, ಅದೂ ಮೇಷ್ಟ್ರಿಗಾಗಿ. ಹಳೆಯ ಶಿಷ್ಯರು, ಬಂದರಿನ ಸಂಘದವರು, ಗಣಿ ಕಾರ್ಮಿಕರ ಸಂಘದ ಅಧ್ಯಕ್ಷ. “ನಮ್ಮ ಮನಸ್ಸಲ್ಲಿದ್ದದ್ದನ್ನ ಬರೆದ್ರಿ ಮೇಷ್ಟ್ರೇ. ನಮ್ಮೂರಿಗೆ ಬಂದು ಒಂದು ಮಾತಾಡ್ಬೇಕು,” ಎಂದ ಅಧ್ಯಕ್ಷ. ಮೇಷ್ಟ್ರಿಗೆ ಬಿಸಿಲಿನಲ್ಲಿ ಬಾಯಾರಿದವನಿಗೆ ನೀರು ಕೊಟ್ಟ ಹಾಗಾಯಿತು.

ಮರುದಿನ ಬೆಳಿಗ್ಗೆ ಲಾಯರಮ್ಮ ಕಾರು ಬರುವ ಮುಂಚೆ ಅಡುಗೆಮನೆಯ ಮೇಜಿನ ಮುಂದೆ ಕೂತು ಲೇಖನ ಓದಿದಳು. ಮೇಷ್ಟ್ರು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಹಚ್ಚಿದ್ದಕ್ಕೇ ಹಚ್ಚುತ್ತಿದ್ದರು.

“ಬರವಣಿಗೆ ಚೆನ್ನಾಗಿದೆ ಮೇಷ್ಟ್ರೇ,” ಎಂದಳು. “ಇದನ್ನ ನೀವೇ ನಂಬ್ತೀರಾ?”

“ಪಕ್ಷದ ಕಾರ್ಯಕ್ರಮ ಅದು. ನಾನೊಬ್ಬ ನಂಬೋದು ಬಿಡೋದು ಏನಿದೆ?”

“ನಾನು ಕಾರ್ಯಕ್ರಮಾನ ಕೇಳ್ಲಿಲ್ಲ. ನಿಮ್ಮನ್ನ ಕೇಳ್ದೆ.”

“ಈಗ ಕೇಳ್ತೀಯ,” ಎಂದರು ಮೇಷ್ಟ್ರು. “ನಿನ್ನ ಯೋಜನೆ ಬರೆಯೋಕೆ ಮುಂಚೆ ಕೇಳ್ಬೇಕಿತ್ತು.”

ಅವಳು ಅವರ ಮುಖವನ್ನೇ ಒಂದು ಗಳಿಗೆ ನೋಡಿದಳು. ಏನೋ ಹೇಳಲು ಹೊರಟಂತೆ ಕಂಡಿತು. ಅಷ್ಟರಲ್ಲಿ ಹೊರಗೆ ಅಂಗಡಿಯವನು ಪೆಟ್ಟಿಗೆ ಎಳೆಯುವ ಸದ್ದಾಯಿತು. ಅವಳು ಎದ್ದು ಹೋದಳು. ಮೇಷ್ಟ್ರ ತಾಯಿ ಒಲೆಯ ಕಡೆಯಿಂದ ತಿರುಗದೆಯೇ ಹೇಳಿದರು: “ಹೆಂಡ್ತಿ ಮೇಲೆ ಹೊಟ್ಟೆಕಿಚ್ಚು ಪಡೋ ಗಂಡಸು, ತನ್ನ ಮನೆ ಸೂರಿಗೇ ಬೆಂಕಿ ಇಟ್ಟು ಚಳಿ ಕಾಯಿಸ್ಕೊಂಡ ಹಾಗೆ.”

“ನಿಮಗೆ ರಾಜಕೀಯ ಅರ್ಥ ಆಗಲ್ಲಮ್ಮ.”

“ರಾಜಕೀಯ ಅರ್ಥ ಆಗಲ್ಲ. ನೀನು ಅರ್ಥ ಆಗ್ತೀಯ.”

ಮೇಷ್ಟ್ರು ಗಣಿಯ ಊರಿಗೆ ಹೋದರು. ಕೆಂಪು ಧೂಳಿನ ಮೈದಾನದಲ್ಲಿ ಜನ ಅವರ ಮಾತಿಗೆ ಎದ್ದೆದ್ದು ಕೂಗಿದರು. ಮಾತು ಮುಗಿದಾಗ ಅವರನ್ನು ಹೆಗಲ ಮೇಲೆ ಹೊತ್ತು ಸಂಘದ ಕಟ್ಟಡದವರೆಗೆ ಒಯ್ದರು. ಅಷ್ಟು ಎತ್ತರದಿಂದ ಅವರಿಗೆ ಗಣಿಯ ಹಳ್ಳ, ಅದರಾಚೆ ಕಂಪನಿಯ ಬಿಳಿ ಕಟ್ಟಡಗಳು ಎಲ್ಲ ಕಂಡವು. ಇದನ್ನು ಅವಳು ನೋಡಬೇಕಿತ್ತು ಎನಿಸಿತು. ಸಂತೋಷಕ್ಕಲ್ಲ, ಅವಳಿಗೂ ಒಂದಿಷ್ಟು ಉರಿಯಲಿ ಎಂದು.

ಕೇಂದ್ರ ಸಮಿತಿಯ ಸಭೆ ಎರಡು ದಿನ ನಡೆಯಿತು. ಉದ್ದನೆಯ ಮೇಜು, ಕುಂಟುತ್ತಾ ತಿರುಗುವ ಫ್ಯಾನು, ಆರಿದ ಚಹಾ. ಲಾಯರಮ್ಮ ತನ್ನ ಯೋಜನೆಯನ್ನು ವಕೀಲರ ಮಾತಿನಲ್ಲಿ ಹೇಳಿದಳು: ಸಾಕ್ಷಿ, ಪರಿಣಾಮ, ಅಪಾಯ. “ನಮ್ಮ ಕೈಲಿ ಇರೋ ಅಸ್ತ್ರ ಒಂದೇ, ಗುತ್ತಿಗೆ. ಅದನ್ನ ಇವತ್ತೇ ಹರಿದುಹಾಕಿದ್ರೆ ನಾಳೆ ಏನು ಹಿಡ್ಕೊಂಡು ಮಾತಾಡೋದು? ಒಂದು ಕಾರ್ಖಾನೆ ಗೆದ್ಕೊಳ್ಳೋಣ. ಅದರ ಮೇಲೆ ನಿಂತು ಗಣಿ ಗೆಲ್ಲೋಣ.”

ಆಮೇಲೆ ಮೇಷ್ಟ್ರು ಎದ್ದರು. ಅವರ ಮಾತು ಯಾವತ್ತೂ ಅಷ್ಟು ಚೆನ್ನಾಗಿ ಆಗಿರಲಿಲ್ಲ. ಜೈಲಿನಲ್ಲಿ ಸತ್ತವರನ್ನು ನೆನೆಸಿದರು. ಗಣಿ ಕುಸಿದು ಹೋದವರನ್ನು ನೆನೆಸಿದರು. ‘ಹುಲಿಯ ಜೊತೆ ಪಾಲುಗಾರಿಕೆ ಮಾಡಿದ ಕುರಿಗೆ ಅರ್ಧ ಪಾಲು ಸಿಕ್ಕಿತಂತೆ, ಹುಲಿಯ ಹೊಟ್ಟೆಯೊಳಗೆ’ ಎಂದರು. ನಗು, ಚಪ್ಪಾಳೆ. ಮಾತಾಡುತ್ತಲೇ ಅವರು ಹೆಂಡತಿಯ ಮುಖ ನೋಡಿದರು. ಅವಳು ನಗಲಿಲ್ಲ, ಸಿಟ್ಟಾಗಲೂ ಇಲ್ಲ; ತರಗತಿಯ ದಿನಗಳ ಹಾಗೆ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಅದನ್ನೇ ತಡೆಯಲಾಗದೆ ಅವರು ಇನ್ನೂ ಖಾರವಾಗಿ ಮಾತಾಡಿದರು.

ಮತ ಹಾಕಿದಾಗ ಅವಳ ಯೋಜನೆ ಎರಡೇ ಮತದಿಂದ ಬಿದ್ದುಹೋಯಿತು.

“ಗಣಿ ವಶಕ್ಕೆ ತಗೊಳ್ಳೋದು ಅಂತ ತೀರ್ಮಾನ. ಮಂತ್ರಿಗಳು ಜಾರಿ ಮಾಡ್ಬೇಕು,” ಎಂದರು ಕಾರ್ಯದರ್ಶಿ, ಸುಸ್ತಾದ ದನಿಯಲ್ಲಿ.

“ನನಗೆ ನಂಬಿಕೆ ಇಲ್ಲದ್ದನ್ನ ನಾನು ಅರ್ಧ ಮನಸ್ಸಲ್ಲಿ ಮಾಡಿದ್ರೆ ಎರಡೂ ಕೆಡುತ್ತೆ,” ಎಂದಳು ಲಾಯರಮ್ಮ. “ನನ್ನ ಜಾಗಕ್ಕೆ ಮೇಷ್ಟ್ರನ್ನ ತಗೊಳ್ಳಿ. ಹೊಲ ಉತ್ತೋನೇ ಬಿತ್ಲಿ.”

ಸಭೆ ಒಪ್ಪಿತು. ರೈತರ ಪಕ್ಷದವರಿಗೆ ಹೇಗೋ ಹೇಳಿ ಒಪ್ಪಿಸಿದರು. ಹೀಗೆ ಮೇಷ್ಟ್ರು ಮಂತ್ರಿಯಾದರು. ತಾವಾಗಿ ಗೆದ್ದ ಕುರ್ಚಿಯಲ್ಲ, ಹೆಂಡತಿ ಎದ್ದು ಕೊಟ್ಟ ಕುರ್ಚಿ. ಗೆದ್ದಿದ್ದೂ ಅವರೇ, ಮುಳ್ಳು ಚುಚ್ಚಿದ್ದೂ ಅವರಿಗೇ.

ಗಣಿಯ ಮೇಲೆ ಬಾವುಟ ಏರಿದ ದಿನ ದೇಶವೆಲ್ಲ ಬೀದಿಗಿಳಿದು ಕುಣಿಯಿತು. ಅದು ಸುಳ್ಳು ಸಂತೋಷವೇನಲ್ಲ. ಎಷ್ಟೋ ಜನ ಅತ್ತರು. ಆ ತಿಂಗಳು ಪೂರ್ತಿ ಮೇಷ್ಟ್ರ ಕಾಲು ನೆಲಕ್ಕೆ ತಾಕಲಿಲ್ಲ.

ಆಮೇಲೆ ಒಂದೊಂದೇ ಬಂತು. ಕಂಪನಿಯ ಇಂಜಿನಿಯರುಗಳು ಹೊರಟುಹೋದರು. ಕಂಪನಿ ದೂರದ ಯಾವುದೋ ನ್ಯಾಯಾಲಯದಲ್ಲಿ ದಾವೆ ಹೂಡಿ, ಆ ಅದಿರು ಕದ್ದ ಮಾಲು ಎಂದಿತು. ಕದ್ದ ಮಾಲು ಹೊರಲು ಯಾವ ಹಡಗೂ ಒಪ್ಪಲಿಲ್ಲ. ಬಂದರಿನಲ್ಲಿ ಅದಿರು ಗುಡ್ಡೆ ಗುಡ್ಡೆಯಾಗಿ ಬಿದ್ದು, ಮುಂದಿನ ಮಳೆಗಾಲದ ನೀರು ಅದರ ಮೇಲೆ ಹಸಿರುಗಟ್ಟಿತು. ಡಾಲರು ಬರುವುದು ನಿಂತಿತು. ಡೀಸೆಲ್ ಬಂಕುಗಳ ಮುಂದೆ ಲಾರಿಗಳ ಸಾಲು ಬೀದಿ ತಿರುಗಿ ಇನ್ನೊಂದು ಬೀದಿಗೆ ಹೋಯಿತು. ರೈತರ ಪಕ್ಷದ ನಾಯಕ ಬಂದು, “ಪಂಪಿಗೆ ಡೀಸೆಲ್ ಇಲ್ಲ ಮೇಷ್ಟ್ರೇ. ಬೆಳೆ ಒಣಗಿದ್ರೆ ನಾವು ನಿಮ್ಮ ಜೊತೆ ಒಣಗೋಕಾಗಲ್ಲ,” ಎಂದು ನೇರವಾಗಿ ಹೇಳಿ ಹೋದ. ಮೇಷ್ಟ್ರು ಪುಸ್ತಕದಲ್ಲಿ ಓದಿದ್ದೆಲ್ಲ ಬಾಗಿಲು ತಟ್ಟಿಕೊಂಡು ಒಳಗೆ ಬರುತ್ತಿತ್ತು. ಯಾವುದೂ ಅವರಿಗೆ ಹೊಸದಲ್ಲ. ಅದೇ ಹೆಚ್ಚು ಸುಡುತ್ತಿತ್ತು.

ಮನೆಯಲ್ಲಿ ಲಾಯರಮ್ಮ ಮತ್ತೆ ತನ್ನ ವಕೀಲಿಗೆ ಹಿಂತಿರುಗಿದ್ದಳು. ಸಂಜೆ ಬಟ್ಟೆ ಕಾರ್ಖಾನೆಯ ಹೆಣ್ಣುಮಕ್ಕಳು ಬಂದು ಮುಂದಿನ ಕೋಣೆಯಲ್ಲಿ ಗುಂಪಾಗಿ ಕೂತು ನಗುವರು. ಅವಳು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ, ಅತ್ತೆಯ ಕೂದಲು ಬಾಚುತ್ತಾಳೆ, ವಾರಕ್ಕೊಂದು ಕೇಸು ಗೆಲ್ಲುತ್ತಾಳೆ. ಮೇಷ್ಟ್ರು ಕಾರಿನಿಂದಿಳಿದು ಆ ನಗುವಿನ ನಡುವೆ ಹಾದು ಒಳಗೆ ಹೋಗುವಾಗ ಅವರಿಗೆ ಆ ನಗುವಿನ ಮೇಲೂ ಹೊಟ್ಟೆ ಉರಿಯಿತು. ಕುರ್ಚಿ ಅವಳ ಹತ್ತಿರ ಇದ್ದಾಗ ಕುರ್ಚಿಯ ಮೇಲೆ ಕಣ್ಣು. ಈಗ ಕುರ್ಚಿ ಇಲ್ಲದ ಅವಳ ನಿದ್ದೆಯ ಮೇಲೆ ಕಣ್ಣು. ಅವಳು ಒಂದು ದಿನವಾದರೂ ‘ನಾನು ಹೇಳಿರಲಿಲ್ವಾ’ ಎಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವಳು ಹಾಗೆ ಅನ್ನಲೇ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ಬಟ್ಟೆ ಒಣಹಾಕಲು ಮಹಡಿಗೆ ಹೋದವಳ ಹಿಂದೆ ಮೇಷ್ಟ್ರೂ ಹತ್ತಿದರು. ಬಕೆಟ್ಟಿನಿಂದ ಒದ್ದೆ ದುಪ್ಪಟಿ ತೆಗೆದು ಒಂದು ತುದಿ ಹಿಡಿದರು. ಅವಳು ಇನ್ನೊಂದು ತುದಿ ಹಿಡಿದಳು. ಇಬ್ಬರೂ ತಿರುಚಿ ನೀರು ಹಿಂಡಿದರು.

“ಕಂಪನಿಯವರು ಮಾತಿಗೆ ಬರ್ತೀವಿ ಅಂದಿದಾರೆ,” ಎಂದರು ಮೇಷ್ಟ್ರು.

“ಬರ್ಲೇಬೇಕು. ಅವರಿಗೂ ಬಿಸಿ ತಟ್ಟಿದೆ.”

“ನಾನೇನು ಮಾಡ್ಬೇಕು?”

ಅವಳು ದುಪ್ಪಟಿಯನ್ನು ಹಗ್ಗದ ಮೇಲೆ ಹಾಕಿ ಮೂಲೆ ಎಳೆದು ಸರಿಮಾಡಿದಳು. “ಮೇಷ್ಟ್ರೇ, ಮೊದಲು ನನ್ನದೊಂದು ಪ್ರಶ್ನೆ. ಆ ಲೇಖನ ಬರೆದಾಗ ನಿಮಗೆ ಇದೆಲ್ಲ ಗೊತ್ತಿತ್ತಾ?”

ಮೇಷ್ಟ್ರು ಸುಳ್ಳು ಹೇಳಲು ಬಾಯಿ ತೆರೆದರು. ಗಾಳಿಗೆ ದುಪ್ಪಟಿ ಇಬ್ಬರ ನಡುವೆ ಹಾರಿ ಅವಳ ಮುಖ ಮರೆಯಾಯಿತು. ಮುಖ ಕಾಣದಿದ್ದದ್ದಕ್ಕೇ ಇರಬೇಕು, ನಿಜ ಹೊರಬಿತ್ತು.

“ಗೊತ್ತಿತ್ತು.”

ದುಪ್ಪಟಿಯ ಆ ಕಡೆಯಿಂದ ಅವಳು ಅದರ ಅಂಚನ್ನು ಹಗ್ಗಕ್ಕೆ ಸಿಕ್ಕಿಸಿದಳು. ಆಮೇಲೆ ಅವಳು ಹೇಳಿದಳು: “ತಪ್ಪು ತಿಳ್ಕೊಂಡಿದಾರೆ ಅಂದ್ಕೊಂಡು ಇಷ್ಟು ದಿನ ಸುಮ್ಮನಿದ್ದೆ. ತಪ್ಪು ತಿಳ್ಕೊಳ್ಳೋ ಹಕ್ಕು ಯಾರಿಗಾದ್ರೂ ಇರುತ್ತೆ. ಗೊತ್ತಿದ್ದೂ ಮಾಡಿದ್ರಾ?”

“ನೀನು ನನ್ನ ಕೇಳೋದೇ ಬಿಟ್ಟಿದ್ದೆ.”

“ಕೇಳಿದ್ರೆ ನೀವು ಉತ್ತರ ಕೊಡ್ತಿದ್ರಿ. ಆ ಉತ್ತರ ನಿಮ್ಮದಾಗ್ತಿತ್ತು. ಒಂದೇ ಒಂದು ಸಲ ನನ್ನದೇ ಉತ್ತರ ಮಾಡಿ, ಪೂರ್ತಿ ಆದ್ಮೇಲೆ ನಿಮಗೆ ತೋರಿಸ್ಬೇಕು ಅಂತಿತ್ತು. ಅಷ್ಟರಲ್ಲಿ ಪತ್ರಿಕೆಯೋರಿಗೆ ಯಾರೋ ಹೇಳ್ಬಿಟ್ರು.” ಅವಳು ಒದ್ದೆ ಬಟ್ಟೆಯೊಂದನ್ನು ಸಿಟ್ಟಿನಿಂದ ಕೊಡವಿದಳು. “ಡೀಸೆಲ್ ಸಾಲಲ್ಲಿ ನಿಂತೋರು ನನ್ನ ಕೇಳ್ತಾರೆ, ಯಾಕೆ ಹೀಗಾಯ್ತು ಲಾಯರಮ್ಮ ಅಂತ. ಗಂಡ ಹೆಂಡ್ತಿ ಜಗಳ ಅಂತ ಹೇಳ್ಲಾ ಅವರಿಗೆ?”

ಮೇಷ್ಟ್ರು ಬಕೆಟ್ಟನ್ನು ಅವಳ ಹತ್ತಿರಕ್ಕೆ ಸರಿಸಿದರು. ಅವಳು ಉಳಿದ ಬಟ್ಟೆಯನ್ನೆಲ್ಲ ಒಂದೊಂದಾಗಿ ಹಾಕಿದಳು. ಬಕೆಟ್ಟು ಖಾಲಿಯಾದ ಮೇಲೆ ಹೇಳಿದಳು: “ಮಾತುಕತೆಗೆ ಸರಕಾರದ ವಕೀಲೆ ಅಂತ ನನ್ನ ಕರ್ಕೊಂಡ್ಹೋಗಿ. ನಿಮಗೋಸ್ಕರ ಅಲ್ಲ.”

ಮಾತುಕತೆ ಬಂದರಿನ ಹತ್ತಿರದ ಒಂದು ಹೋಟೆಲಿನ ಸಭಾಂಗಣದಲ್ಲಿ ನಡೆಯಿತು. ಕಿಟಕಿಯಿಂದ ಅದಿರಿನ ಗುಡ್ಡೆಗಳು ಕಾಣುತ್ತಿದ್ದವು. ಕಂಪನಿಯವರು ಬೇಕೆಂದೇ ಆ ಜಾಗ ಆರಿಸಿದ್ದರು. ಕಂಪನಿಯ ಪ್ರತಿನಿಧಿ ಮೆದು ಮಾತಿನ ಮನುಷ್ಯ. “ನಿಮ್ಮ ಅದಿರು ನೆನೀತಾ ಇದೆ,” ಎಂದು ಮರುಕದಿಂದ ಹೇಳಿದ. ಗಣಿ ವಾಪಸು ಕೊಟ್ಟರೆ ಕಾರ್ಖಾನೆಯಲ್ಲಿ ಈಗ ಅವನು ಕೊಡಲು ಸಿದ್ಧವಿದ್ದದ್ದು ಕಾಲು ಪಾಲು ಮಾತ್ರ. ತರಬೇತಿ ಇಲ್ಲ, ಕಾರ್ಮಿಕರು ಮಂಡಳಿಯಲ್ಲಿ ಕೂರುವ ಮಾತೂ ಇಲ್ಲ. ಮೇಲೆ ಗಣಿ ಹಿಡಿದದ್ದಕ್ಕೆ ಪರಿಹಾರ.

ಮೇಷ್ಟ್ರು ಏನೋ ಹೇಳಲು ಹೊರಟರು. ಲಾಯರಮ್ಮ ಮೇಜಿನ ಮೇಲಿದ್ದ ಅವರ ಕೈ ಮುಟ್ಟಿ ತಡೆದಳು.

“ನಿಮ್ಮ ಕುಲುಮೆಗಳಲ್ಲಿ ಅರ್ಧ ಆರಿಸಿದೀರಂತೆ,” ಎಂದಳು ಅಷ್ಟೇ ಮರುಕದಿಂದ. “ನಿಮ್ಮ ದೇಶದ ಕುಲುಮೆ ಕಾರ್ಮಿಕರ ಸಂಘದೋರು ಹೋದ ವಾರ ನನ್ನ ಹತ್ರ ಫೋನಲ್ಲಿ ಮಾತಾಡಿದ್ರು. ನಮ್ಮ ಅದಿರಿಗೆ ಹೊಂದಿಸಿದ ಕುಲುಮೆಗೆ ಬೇರೆ ಅದಿರು ಒಗ್ತಿಲ್ಲ ಅಂದ್ರು. ಪಾಪ, ಅವರಿಗೂ ಕೆಲಸ ಇಲ್ಲ. ಅವರೂ ನಾವೂ ಸೇರಿ ಒಂದು ಹೇಳಿಕೆ ಕೊಡೋಣ ಅಂತಿದೀವಿ.”

ಪ್ರತಿನಿಧಿಯ ಮರುಕ ಮುಖದಲ್ಲೇ ಗಟ್ಟಿಯಾಯಿತು.

ಅಲ್ಲಿಂದ ಮುಂದೆ ಮೂರು ದಿನ ಮೇಷ್ಟ್ರು ನೋಡುತ್ತಾ ಕೂತರು. ಇಷ್ಟು ವರ್ಷದಲ್ಲಿ ಅವಳು ಕೆಲಸ ಮಾಡುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಅವಳು ಒಂದು ಕಡೆ ಬಿಟ್ಟುಕೊಟ್ಟಂತೆ ಕಂಡು ಇನ್ನೊಂದು ಕಡೆ ಹಿಡಿಯುತ್ತಿದ್ದಳು. ಎದುರಿನವನಿಗೆ ಯೋಚಿಸಲು ಹೊತ್ತು ಬೇಕಾದಾಗ ತಾನೇ ಚಹಾ ತರಿಸುತ್ತಿದ್ದಳು. ಹೊತ್ತು ಕೊಡಬಾರದಾದಾಗ ಚಹಾ ಬಂದರೂ ಗಮನಿಸುತ್ತಿರಲಿಲ್ಲ. ಮೇಷ್ಟ್ರಿಗೆ ಹೊಟ್ಟೆಯೊಳಗೆ ಹಳೆಯ ಉರಿ ಎದ್ದಿತು, ಹಿಂದೆಂದಿಗಿಂತ ಹೆಚ್ಚಾಗಿ. ಆದರೆ ಇಷ್ಟು ದಿನ ಅವರು ಅಸೂಯೆಪಟ್ಟದ್ದು ಕಾರಿಗೆ, ರೇಡಿಯೋಗೆ, ಅಂಗಡಿಯವನ ಮರ್ಯಾದೆಗೆ. ಇದು ಹಾಗಲ್ಲ. ಇದು ಅವಳಿಗಿದ್ದು ತಮಗಿಲ್ಲದ ವಿದ್ಯೆಯ ಮೇಲಿನ ಉರಿ. ಅದರಲ್ಲಿ ನಾಚಿಕೆಯೂ ಇತ್ತು, ವಿಚಿತ್ರವೆಂದರೆ ಒಂದು ಬಗೆಯ ಹೆಮ್ಮೆಯೂ ಇತ್ತು. ಎರಡನ್ನೂ ಬಿಡಿಸಲು ಅವರಿಂದ ಆಗಲಿಲ್ಲ.

ಕೊನೆಗೆ ಸಿಕ್ಕಿದ್ದು ಮೊದಲು ಸಿಗಬಹುದಾಗಿದ್ದಕ್ಕಿಂತ ಕಡಿಮೆ. ಗಣಿ ಮತ್ತೆ ಕಂಪನಿಯ ಗುತ್ತಿಗೆಗೆ ಹೋಯಿತು; ಕಾರ್ಖಾನೆಯಲ್ಲಿ ಅರ್ಧದ ಬದಲು ಐದರಲ್ಲಿ ಎರಡು ಪಾಲು. ತರಬೇತಿಯ ಜಾಗಗಳು ಅರ್ಧಕ್ಕರ್ಧ ಇಳಿದವು. ಪರಿಹಾರವೂ ಕೊಡಬೇಕಾಯಿತು. ಮಂಡಳಿಯಲ್ಲಿ ಕಾರ್ಮಿಕರು ಕೂರುವುದನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ಮೇಷ್ಟ್ರು ಸಹಿ ಹಾಕಿದರು. ಮರುದಿನದ ಪತ್ರಿಕೆಯೊಂದು ‘ಮೇಷ್ಟ್ರ ಜಾಣ ನಡೆ: ಮೊದಲು ಹೊಡೆತ, ಆಮೇಲೆ ಒಪ್ಪಂದ’ ಎಂದು ಬರೆಯಿತು. ಲಾಯರಮ್ಮ ಅದನ್ನು ಓದಿ ಅತ್ತೆಗೆ ಕೊಟ್ಟಳು. ಅತ್ತೆ ಅದರಲ್ಲಿ ಈರುಳ್ಳಿ ಸಿಪ್ಪೆ ಸುತ್ತಿ ಎಸೆದರು.

ತರಬೇತಿಯ ಮೊದಲ ಪಟ್ಟಿ ಹೊರಬಿದ್ದ ಮೇಲೂ ಗಣಿಯ ಊರಿಗೆ ಹೋಗಿ ಒಪ್ಪಂದ ವಿವರಿಸುವುದು ಬಾಕಿಯಿತ್ತು. ಕಾರ್ಯದರ್ಶಿ ಬೇರೆ ಯಾರನ್ನಾದರೂ ಕಳಿಸೋಣವೆಂದರು. ಮೇಷ್ಟ್ರು ತಾವೇ ಹೊರಟರು. ಲಾಯರಮ್ಮನೂ ಬಂದಳು. ಅದೇ ಮೈದಾನ. ಜನ ಬಂದಿದ್ದರು, ಆದರೆ ಯಾರೂ ಎದ್ದು ನಿಲ್ಲಲಿಲ್ಲ. ಮೇಷ್ಟ್ರು ಒಪ್ಪಂದದಲ್ಲಿ ಏನು ಬಂತು, ಏನು ಹೋಯಿತು ಎಂದು ಬಿಚ್ಚಿ ಹೇಳಿದರು. ಹೋದದ್ದನ್ನು ಹೇಳುವಾಗ ದನಿ ತಗ್ಗಿಸಲಿಲ್ಲ. ಈ ಯೋಜನೆ ಮೊದಲಿಗೆ ತಂದದ್ದು ಲಾಯರಮ್ಮ, ಆಗ ಒಪ್ಪಿದ್ದರೆ ಇನ್ನೂ ಹೆಚ್ಚು ಸಿಗುತ್ತಿತ್ತು ಎಂದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಗಣಿ ಕೆಲಸದ ಹೆಂಗಸೊಬ್ಬಳು ಎದ್ದಳು. ಅವಳ ಮಗ ತರಬೇತಿಗೆ ಹೆಸರು ಕೊಟ್ಟಿದ್ದನಂತೆ. ಜಾಗ ಕಡಿಮೆಯಾದ್ದರಿಂದ ಸಿಕ್ಕಿರಲಿಲ್ಲ.

“ಹಂಗಾದ್ರೆ ಆಗಲೇ ಯಾಕೆ ಒಪ್ಲಿಲ್ಲ ಮೇಷ್ಟ್ರೇ? ನೀವೇ ತಾನೇ ಬೇಡ ಅಂದಿದ್ದು?”

ಮೇಷ್ಟ್ರ ನಾಲಿಗೆಯ ತುದಿಯಲ್ಲಿ ಮೂರು ಉತ್ತರಗಳಿದ್ದವು. ಪರಿಸ್ಥಿತಿ ಬೇರೆ ಇತ್ತು ಎನ್ನಬಹುದು. ಪಕ್ಷದ ಕಾರ್ಯಕ್ರಮ ಎನ್ನಬಹುದು. ಅನುಭವದಿಂದ ಕಲಿತೆವು ಎನ್ನಬಹುದು. ಅದು ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುತ್ತದೆ. ಅವರು ಆ ಹೆಂಗಸಿನ ಮುಖ ನೋಡಿದರು.

“ಹೊಟ್ಟೆಕಿಚ್ಚಮ್ಮ,” ಎಂದರು. “ನನ್ನ ಹೆಂಡ್ತಿ ನನಗಿಂತ ಚೆನ್ನಾಗಿ ಯೋಚ್ನೆ ಮಾಡಿದ್ಲು. ಅದು ತಡ್ಕೊಳ್ಳೋಕಾಗ್ಲಿಲ್ಲ.”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿ ಇಡೀ ಮೈದಾನವೇ ಹೋ ಎಂದು ನಕ್ಕಿತು. “ನಮ್ಮನೇಲೂ ಅದೇ ಕಥೆ ಮೇಷ್ಟ್ರೇ!” ಎಂದು ಒಬ್ಬ ಕೂಗಿದ. ಸಂಘದ ಅಧ್ಯಕ್ಷ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಎಂಥ ಮಾತುಗಾರ, ಸಿಟ್ಟಿದ್ದ ಜನರನ್ನೂ ನಗಿಸಿಬಿಟ್ಟ ಎಂದುಕೊಂಡರು. ಪ್ರಶ್ನೆ ಕೇಳಿದ ಹೆಂಗಸು ನಗಲಿಲ್ಲ. ಸ್ವಲ್ಪ ಹೊತ್ತು ಅವರನ್ನೇ ನೋಡಿ, ಸೆರಗು ಕೊಡವಿಕೊಂಡು ಕೂತಳು. ಲಾಯರಮ್ಮನೂ ನಗಲಿಲ್ಲ.

ವಾಪಸು ಬರುವಾಗ ಅವರ ಕಾರು ಊರು ದಾಟಿತು.

“ಎಲ್ಲಾ ತಮಾಷೆ ಅಂದ್ಕೊಂಡ್ರು,” ಎಂದರು ಮೇಷ್ಟ್ರು.

“ನೀವು ಇನ್ನೊಂದ್ಸಲ ಹೇಳಿದ್ರೂ ಹಾಗೇ ಅಂದ್ಕೊಳ್ತಾರೆ.”

“ಆ ಹೆಂಗಸು ಅಂದ್ಕೊಳ್ಲಿಲ್ಲ.”

“ಇಲ್ಲ,” ಎಂದಳು ಲಾಯರಮ್ಮ. “ಅವಳ ಮಗನಿಗೆ ಮುಂದಿನ ತಂಡದಲ್ಲಾದ್ರೂ ಜಾಗ ಸಿಗೋ ಹಾಗೆ ಮಂಡಳಿಯೋರ ಹತ್ರ ಜಗಳ ಆಡ್ಬೇಕು. ಒಬ್ಬನಿಗೆ ಅಲ್ಲ, ತಪ್ಪಿಹೋದ ಅಷ್ಟೂ ಜನಕ್ಕೆ. ಮಂಡಳಿಗೆ ಆರಿಸಿ ಬರೋರಿಗೆ ಲೆಕ್ಕಪತ್ರ ಓದೋದು ಕಲಿಸ್ಬೇಕು. ಅದು ನಿಮ್ಮ ಕೆಲಸ, ನನಗೆ ಪಾಠ ಮಾಡೋಕೆ ಬರಲ್ಲ.” ಸ್ವಲ್ಪ ತಡೆದು, “ನನ್ನ ಸಿಟ್ಟು ಹೋಗಿದೆ ಅಂತ ಮಾತ್ರ ತಿಳ್ಕೋಬೇಡಿ,” ಎಂದಳು.

“ತಿಳ್ಕೊಳ್ಳಲ್ಲ.”

ಮರುವರ್ಷದ ಚಳಿಗಾಲದ ಹೊತ್ತಿಗೆ ಮೇಷ್ಟ್ರು ಖಾತೆ ಬಿಟ್ಟುಕೊಟ್ಟರು. ಲಾಯರಮ್ಮನಿಗೇ ವಾಪಸು ಕೊಡಿ ಎಂದರೆ ಅವಳು ಬೇಡವೆಂದಳು. ರೈತರ ಪಕ್ಷದ ಒಬ್ಬ ಯುವಕ ಬಂದು ಕೂತ. ಮುಂದಿನ ಚುನಾವಣೆಯಲ್ಲಿ ಪಕ್ಷ ಹಲವು ಜಾಗ ಕಳೆದುಕೊಂಡು, ಕೂದಲೆಳೆಯಲ್ಲಿ ಉಳಿಯಿತು. ಕಾರ್ಖಾನೆ ಗಣಿಯ ಊರಿನ ಹೊರಗೆ ನಿಧಾನವಾಗಿ ಎದ್ದಿತು. ಮೇಷ್ಟ್ರು ವಾರಕ್ಕೆರಡು ದಿನ ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಸಂಘದ ಕಟ್ಟಡದಲ್ಲಿ ಮಂಡಳಿಯ ಸದಸ್ಯರಿಗೆ ಪಾಠ ಹೇಳುತ್ತಾರೆ. ಮೊದಲ ಸಾಲಿನಲ್ಲಿ ಆ ಹೆಂಗಸು ಕೂರುತ್ತಾಳೆ. ಕಾರ್ಮಿಕರು ಅವಳನ್ನೇ ಆರಿಸಿದ್ದರು. ಅವಳ ಪ್ರಶ್ನೆಗಳಿಗೆ ಉತ್ತರಿಸುವುದು ಸುಲಭವಲ್ಲ. ಒಮ್ಮೆ ಅವಳು, “ಲಾಯರಮ್ಮ ಇದನ್ನ ಬೇರೆ ಥರ ಹೇಳಿದ್ರಲ್ಲ, ನನಗೆ ಅದೇ ಸರಿ ಅನ್ಸುತ್ತೆ,” ಎಂದಳು. ಮೇಷ್ಟ್ರ ಹೊಟ್ಟೆಯಲ್ಲಿ ಏನೋ ಚುಳ್ ಎಂದಿತು. ಅವರು ಸೀಮೆಸುಣ್ಣ ಕೈಯಲ್ಲಿ ಹಿಡಿದು ಅದು ಕಡಿಮೆಯಾಗುವವರೆಗೆ ಕಾದರು. ಆಮೇಲೆ, “ಹೇಗೆ ಹೇಳಿದ್ಲು? ಹೇಳಮ್ಮ, ನಾನೂ ಬರ್ಕೊಳ್ತೀನಿ,” ಎಂದರು.